ಕಷ್ಟಕಾಲದಲ್ಲಿ ಸಂತೋಷ ಮತ್ತು ನಿರೀಕ್ಷೆ: ಕ್ರೈಸ್ತ ವಿಶ್ವಾಸಿಗೊಂದು ಕೈಪಿಡಿ

ಕಷ್ಟದಲ್ಲಿ ಸಿಲುಕಿದ ವಿಶ್ವಾಸಿಯ ಹೆಗಲ ಮೇಲೆ ಎರಡು ಭಾರಗಳಿರುತ್ತವೆ. ಬಂದೆರಗಿದ ಕಷ್ಟವೇ ಮೊದಲನೆಯದು. ದೇವರನ್ನು ನಂಬಿದವನಾಗಿದ್ದೂ ತನ್ನಲ್ಲಿ ಸಂತೋಷವಿಲ್ಲವಲ್ಲ ಎಂಬ ಅಪರಾಧಭಾವ ಎರಡನೆಯದು. ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ ಎಂದು ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಮಾತು ಇಂಥ ಹೊತ್ತಿನಲ್ಲಿ ಸಂತೈಸುವ ಬದಲು ಚುಚ್ಚುತ್ತದೆ. ಆದ್ದರಿಂದ ಮೊದಲು ಇಳಿಸಬೇಕಾದದ್ದು ಈ ಎರಡನೆಯ ಭಾರವನ್ನು. ಅದಕ್ಕೆ ಆ ಪತ್ರದ ನಾಲ್ಕೂ ಅಧ್ಯಾಯಗಳನ್ನು ಒಂದೇ ಸಲ ಕುಳಿತು ಓದಿದರೆ ಸಾಕು. ಬರೆದವನು ಬೇಡಿಗಳಲ್ಲಿದ್ದಾನೆ. ಎರಡನೆಯ ಅಧ್ಯಾಯದಲ್ಲಿ ಅವನು ತನ್ನ ಜೊತೆಗೆಲಸದವನಾದ ಎಪಫ್ರೊದೀತನು ರೋಗದಿಂದ ಸಾಯುವ ಸ್ಥಿತಿಗೆ ಬಂದಿದ್ದನ್ನು ನೆನೆದು, ದೇವರು ಅವನನ್ನು ಕರುಣಿಸದೆ ಹೋಗಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಒಪ್ಪಿಕೊಳ್ಳುತ್ತಾನೆ. ಸಂತೋಷಿಸಿರಿ ಎಂದವನೂ ಅವನೇ, ದುಃಖದ ಮೇಲೆ ದುಃಖ ಎಂದವನೂ ಅವನೇ. ಎರಡೂ ಒಂದೇ ಪತ್ರದಲ್ಲಿವೆ. ಕ್ರಿಸ್ತನಲ್ಲಿರುವ ಸಂತೋಷಕ್ಕೆ ಕಣ್ಣೀರು ಒರೆಸಿಕೊಂಡು ಬರಬೇಕೆಂಬ ಷರತ್ತಿಲ್ಲ.

ಯೇಸುವಿನ ಗೆಳೆಯನಾದ ಲಾಜರನು ಸತ್ತಾಗ ನಡೆದದ್ದನ್ನೂ ನೆನಪಿಸಿಕೊಳ್ಳಬೇಕು. ಅವನನ್ನು ಎಬ್ಬಿಸಲಿಕ್ಕೆ ಹೋಗುತ್ತೇನೆಂದು ಯೇಸು ಶಿಷ್ಯರಿಗೆ ಮೊದಲೇ ಹೇಳಿದ್ದನು. ಮುಂದೆ ಆಗುವುದು ತಿಳಿದಿದ್ದರೂ, ಲಾಜರನ ಸಹೋದರಿ ಮರಿಯಳೂ ಅವಳ ಸಂಗಡ ಬಂದವರೂ ಗೋಳಾಡುವುದನ್ನು ಕಂಡಾಗ ಆತನು ಅತ್ತನು. ನಿರೀಕ್ಷೆಯುಳ್ಳವರು ಅಳಬಾರದೆಂದು ಹೇಳುವವರಿಗೆ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ದೂರನ್ನೇ ಪ್ರಾರ್ಥನೆ ಮಾಡಿಕೊಳ್ಳುವುದು

ಕಷ್ಟಕಾಲದಲ್ಲಿ ಮಾಡಬಹುದಾದ ಅತ್ಯಂತ ಫಲಕಾರಿ ಅಭ್ಯಾಸ ಯಾವುದೆಂದು ಕೇಳಿದರೆ, ದೇವರ ಮುಂದೆ ಪ್ರಾಮಾಣಿಕವಾಗಿ ಪ್ರಲಾಪಿಸುವುದು, ಅಂದರೆ ದುಃಖವನ್ನೂ ದೂರನ್ನೂ ತೋಡಿಕೊಳ್ಳುವುದು ಎಂದೇ ನಾನು ಹೇಳುತ್ತೇನೆ. ನಮ್ಮ ಸಭೆಗಳಲ್ಲಿ ಸ್ತುತಿಗೆ ಸಿಗುವ ಸ್ಥಾನ ಪ್ರಲಾಪಕ್ಕೆ ಸಿಗುವುದಿಲ್ಲ. ಸತ್ಯವೇದದಲ್ಲಾದರೋ 150 ಕೀರ್ತನೆಗಳ ಪೈಕಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳಾಟದವು, ದೂರಿನವು. ಇದನ್ನು ಕಲಿಯಲು 13ನೆಯ ಕೀರ್ತನೆಯೇ ಒಳ್ಳೆಯ ಗುರು. ಅದರಲ್ಲಿರುವುದು ಆರೇ ವಚನಗಳು. ಮೊದಲ ಎರಡು ವಚನಗಳಲ್ಲಿ ಇನ್ನೆಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಅದೂ ನೇರವಾಗಿ ದೇವರನ್ನೇ ಉದ್ದೇಶಿಸಿ. ನಡುವಿನ ಎರಡು ವಚನಗಳಲ್ಲಿ ಬೇಡಿಕೆ ಇದೆ: ನನ್ನನ್ನು ನೋಡು, ಉತ್ತರಕೊಡು, ನನ್ನ ಕಣ್ಣುಗಳಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ಮಾತ್ರ ಆತನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ, ಹಾಡುತ್ತೇನೆ ಎಂಬ ತಿರುವು ಬರುತ್ತದೆ. ಕೀರ್ತನೆಗಾರನ ಶತ್ರು ಸೋತನೆಂದಾಗಲಿ, ಪರಿಸ್ಥಿತಿ ಬದಲಾಯಿತೆಂದಾಗಲಿ ಅಲ್ಲಿ ಎಲ್ಲಿಯೂ ಹೇಳಿಲ್ಲ.

ಇದೇ ಕ್ರಮದಲ್ಲಿ ನೀವೂ ಬರೆಯಬಹುದು. ಕಾಗದದ ಮೇಲೆ ಬರೆಯುವುದೇ ಒಳ್ಳೆಯದು. ಮನಸ್ಸಿನಲ್ಲೇ ಮಾಡಿದರೆ ದೂರು ಒಂದೇ ಜಾಗದಲ್ಲಿ ಸುತ್ತುತ್ತಿರುತ್ತದೆ. ಮೊದಲು ದೂರು, ಸುತ್ತಿಬಳಸದ ಮಾತಿನಲ್ಲಿ. ಕೆಲಸ ಕಳೆದುಕೊಂಡ ಒಬ್ಬ ತಂದೆಯ ಪ್ರಾರ್ಥನೆ ಹೀಗಿರಬಹುದು: "ಕರ್ತನೇ, ಕೆಲಸ ಹೋಯಿತು. ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಟಾಗ ಅವರ ಮುಖ ನೋಡಲು ನನ್ನಿಂದ ಆಗುತ್ತಿಲ್ಲ. ಇಷ್ಟು ದಿನ ಬೇಡಿಕೊಂಡೆ, ನೀನು ಸುಮ್ಮನಿದ್ದೀ. ಇನ್ನೆಷ್ಟು ದಿನ?" ಆಮೇಲೆ ಬೇಡಿಕೆ, ಅದೂ ನಿರ್ದಿಷ್ಟವಾಗಿ: "ನಾಳೆ ಹೋಗುವ ಕಡೆ ನನ್ನ ನಾಲಿಗೆ ತಡವರಿಸದಂತೆ ಮಾಡು. ಈ ರಾತ್ರಿ ನಾಲ್ಕು ಗಂಟೆಯಾದರೂ ನಿದ್ರೆ ಕೊಡು." ಕೊನೆಗೆ ಒಂದು ವಾಕ್ಯ ಸಾಕು: "ನೀನು ನನ್ನನ್ನು ಹಿಂದೆ ಕೈಬಿಟ್ಟಿಲ್ಲ, ಆದ್ದರಿಂದ ಈಗಲೂ ನಿನ್ನ ಬಳಿಯೇ ಬಂದಿದ್ದೇನೆ." ಈ ಕೊನೆಯ ವಾಕ್ಯ ಬರೆಯಲು ಆಗದಿದ್ದರೆ ಅದನ್ನು ಬಲವಂತವಾಗಿ ಬರೆಯಬೇಡಿ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಅದಕ್ಕೂ ಪವಿತ್ರಗ್ರಂಥದಲ್ಲಿ ಸ್ಥಾನ ದೊರೆತಿದೆ. ದೂರನ್ನು ದೇವರ ಬಳಿಗೆ ಒಯ್ಯುವವನು ಆತನು ಕೇಳುತ್ತಾನೆಂದು ಇನ್ನೂ ನಂಬಿದ್ದಾನೆ. ಅವಿಶ್ವಾಸಿಗೆ ದೂರು ಹೇಳಲು ಯಾರೂ ಇರುವುದಿಲ್ಲ.

ಒಂದು ಶಬ್ದವೂ ಹೊರಡದ ದಿನಗಳಿರುತ್ತವೆ. ಆಗ ಸಿದ್ಧ ಪ್ರಾರ್ಥನೆಗಳನ್ನು ಬಳಸಲು ಸಂಕೋಚ ಬೇಡ: ಕರ್ತನು ಕಲಿಸಿದ ಪ್ರಾರ್ಥನೆ, 23ನೆಯ ಕೀರ್ತನೆ, ಅಥವಾ ಕರುಣಿಸು ಎಂಬ ಒಂದೇ ಮಾತು. ತಕ್ಕ ಪ್ರಕಾರ ಏನು ಬೇಡಿಕೊಳ್ಳಬೇಕೋ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನು ತಾನೇ ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಹೇಳುತ್ತದೆ.

ವಾಗ್ದಾನವನ್ನು ಅದರ ಜಾಗದಲ್ಲಿಟ್ಟು ಓದುವುದು

ಕಷ್ಟದಲ್ಲಿರುವವರಿಗೆ ಅತಿ ಹೆಚ್ಚಾಗಿ ಕಳುಹಿಸಲಾಗುವ ವಚನಗಳಲ್ಲಿ ಯೆರೆಮೀಯ 29:11 ಒಂದು. ನಿಮಗಾಗಿ ನಾನು ಮಾಡಿಕೊಂಡಿರುವ ಆಲೋಚನೆಗಳು ಹಿತದವುಗಳೇ, ಅಹಿತದವುಗಳಲ್ಲ ಎಂಬ ಆ ಮಾತು ಕ್ಯಾಲೆಂಡರುಗಳ ಮೇಲೂ ಫೋನುಗಳಲ್ಲೂ ಧಾರಾಳವಾಗಿ ಓಡಾಡುತ್ತದೆ. ಅದನ್ನು ಒಂಟಿಯಾಗಿ ಓದಿದವನು ಮುಂದಿನ ತಿಂಗಳೇ ಎಲ್ಲವೂ ಸರಿಹೋಗುತ್ತದೆಂದು ಎದುರುನೋಡುತ್ತಾನೆ, ಸರಿಹೋಗದಿದ್ದಾಗ ದೇವರು ಮಾತು ತಪ್ಪಿದನೆಂದು ಒಳಗೊಳಗೇ ಕುಸಿಯುತ್ತಾನೆ. ಆ ಅಧ್ಯಾಯವೆಂದರೆ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಬರೆದ ಒಂದು ಪತ್ರ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ಎರಡು ವರ್ಷಗಳೊಳಗೆ ಎಲ್ಲವೂ ಮರಳಿ ಬರುತ್ತದೆಂದು ಸಾರಿ ಜನರನ್ನು ಹಿಗ್ಗಿಸಿದ್ದನು. ಯೆರೆಮೀಯನು ಅವನ ಮಾತು ಸುಳ್ಳೆಂದನು. 29ನೆಯ ಅಧ್ಯಾಯದ 10ನೆಯ ವಚನದಲ್ಲಿ 70 ವರ್ಷಗಳೆಂಬ ಅವಧಿ ಸ್ಪಷ್ಟವಾಗಿದೆ. ಪತ್ರವನ್ನು ಮೊದಲು ಓದಿದ ಅನೇಕ ಹಿರಿಯರು ಬಿಡುಗಡೆಯನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಆದರೂ ಅವರಿಗೆ ಸಿಕ್ಕಿದ ಅಪ್ಪಣೆ ಎಷ್ಟು ದಿನಬಳಕೆಯದು ನೋಡಿ: ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ.

ಹೀಗೆ ಓದಿದಾಗ ಆ ವಾಗ್ದಾನ ಚಿಕ್ಕದಾಗುವುದಿಲ್ಲ. ಹೆಚ್ಚು ಭಾರ ತಾಳುವಂಥದ್ದಾಗುತ್ತದೆ. ಆದ್ದರಿಂದ ಯಾವುದೇ ವಚನವನ್ನು ಆಧಾರವಾಗಿ ಹಿಡಿಯುವ ಮೊದಲು ಅದರ ಇಡೀ ಅಧ್ಯಾಯವನ್ನೂ ಹಿಂದಿನ ಅಧ್ಯಾಯವನ್ನೂ ಓದುವ ಅಭ್ಯಾಸ ಮಾಡಿಕೊಳ್ಳಿ. ಯಾರು, ಯಾರಿಗೆ, ಯಾವ ಸಂಕಟದಲ್ಲಿ ಹೇಳಿದ್ದೆಂದು ಕೇಳಿಕೊಳ್ಳಿ. ನಿಮ್ಮ ಬಿಡುಗಡೆಗೆ ತಾರೀಖು ಗೊತ್ತುಮಾಡಿ ಹೇಳುವವರು ಎದುರಾದರೆ ಹನನ್ಯನನ್ನು ನೆನಪಿಸಿಕೊಳ್ಳಿ.

ಹಾಗಾದರೆ ತಾರೀಖಿಲ್ಲದ ನಿರೀಕ್ಷೆ ಯಾವುದರ ಮೇಲೆ ನಿಲ್ಲುತ್ತದೆ? ಕ್ರೈಸ್ತರಿಗೆ ಅದು ಆಗಿಹೋದ ಒಂದು ಘಟನೆಯ ಮೇಲೆ ನಿಲ್ಲುತ್ತದೆ: ಶಿಲುಬೆಗೆ ಹಾಕಲ್ಪಟ್ಟ ಯೇಸು ಮೂರನೆಯ ದಿನದಲ್ಲಿ ಎದ್ದನು. ಕ್ರಿಸ್ತನು ಎದ್ದುಬಂದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥವೆಂದು ಪೌಲನೇ ಕೊರಿಂಥದವರಿಗೆ ನಿಷ್ಠುರವಾಗಿ ಬರೆದಿದ್ದಾನೆ. ಎದ್ದುಬಂದ ಯೇಸು ಶಿಷ್ಯನಾದ ತೋಮನಿಗೆ ತನ್ನ ಕೈಗಳ ಗಾಯಗಳನ್ನು ತೋರಿಸಿದನೆಂಬುದು ನನಗೆ ಮತ್ತೆ ಮತ್ತೆ ಮುಖ್ಯವೆನಿಸುವ ವಿವರ. ಪುನರುತ್ಥಾನವು ಗಾಯಗಳನ್ನು ಅಳಿಸಿಹಾಕಲಿಲ್ಲ. ಪ್ರಿಯರನ್ನು ಕಳೆದುಕೊಂಡವರು ತಮ್ಮ ಬದುಕಿನಲ್ಲಿ ಆ ಗಾಯ ಉಳಿದೇ ಇರುತ್ತದೆಂಬುದಕ್ಕೆ ನಾಚಬೇಕಾಗಿಲ್ಲ. ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರವೂ ದುಃಖಿಸಬೇಡಿರೆಂದು ಹೇಳದೆ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರೆಂದು ಹೇಳುತ್ತದೆ.

ದೇಹ, ನಿದ್ರೆ, ವೈದ್ಯರು

ದೇಹವನ್ನು ನೋಡಿಕೊಳ್ಳುವ ವಿಷಯದಲ್ಲಿ ಪ್ರವಾದಿ ಎಲೀಯನ ಕಥೆಯಲ್ಲಿ ಒಂದು ಸ್ಪಷ್ಟ ಪಾಠವಿದೆ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡವನು ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಂಡನು. ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟಮಾಡು ಎಂದನು. ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆ ನೀರೂ ಅಲ್ಲಿದ್ದವು. ಅವನು ತಿಂದು ಮತ್ತೆ ಮಲಗಿದನು. ದೂತನು ಎರಡನೆಯ ಸಲವೂ ಬಂದು ಉಣಿಸಿದನು, ಪ್ರಯಾಣವು ನಿನ್ನ ಶಕ್ತಿಗೆ ಮೀರಿದ್ದು ಎಂದನು. ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ಮೇಲೆ.

ಆದ್ದರಿಂದ ಹೊತ್ತಿಗೆ ಸರಿಯಾಗಿ ಉಣ್ಣುವುದನ್ನೂ ಮಲಗುವುದನ್ನೂ ಆತ್ಮಿಕ ಶಿಸ್ತಿನ ಭಾಗವೆಂದೇ ಎಣಿಸಿ. ದುಃಖವು ವಾರಗಟ್ಟಲೆ ಸಡಿಲದೆ, ನಿದ್ರೆ ಹಸಿವುಗಳು ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ವೈದ್ಯರನ್ನು ಕಾಣಿ. ಖಿನ್ನತೆ ಒಂದು ಕಾಯಿಲೆ, ಅದು ನಂಬಿಕೆಯ ಕೊರತೆಯ ಲೆಕ್ಕಕ್ಕೆ ಬರುವುದಿಲ್ಲ. ಪೌಲನ ಸಂಗಡಿಗನಾದ ಲೂಕನನ್ನು ಕೊಲೊಸ್ಸೆಯವರಿಗೆ ಬರೆದ ಪತ್ರವು ಪ್ರಿಯ ವೈದ್ಯನೆಂದೇ ಕರೆಯುತ್ತದೆ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ, ಆ ಕ್ಷಣವೇ ಹತ್ತಿರದವರಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ವೈದ್ಯರ ಅಥವಾ ಸಹಾಯವಾಣಿಯ ನೆರವು ಪಡೆಯಿರಿ. ಹೇಳಿಕೊಳ್ಳುವುದರಲ್ಲಿ ಅವಮಾನವಿಲ್ಲ, ಎಲೀಯನೂ ಹೇಳಿಕೊಂಡನು.

ಒಬ್ಬರಾದರೂ ಜೊತೆಗಿರಲಿ

ಫಿಲಿಪ್ಪಿಯ ಸೆರೆಮನೆಯಲ್ಲಿ, ಕಾಲುಗಳಿಗೆ ಕೋಳ ಹಾಕಿದ್ದಾಗ, ಮಧ್ಯರಾತ್ರಿಯಲ್ಲಿ ಹಾಡಿದವರು ಇಬ್ಬರು: ಪೌಲ ಮತ್ತು ಅವನ ಸಂಗಡಿಗ ಸೀಲ. ಒಬ್ಬನೇ ಇದ್ದಿದ್ದರೆ ಹಾಡುತ್ತಿದ್ದನೋ ಇಲ್ಲವೋ ಎಂಬ ಯೋಚನೆ ನನಗೆ ಬರುವುದುಂಟು. ಕಷ್ಟ ಬಂದಾಗ ಆರಾಧನೆಗೆ ಹೋಗುವುದನ್ನು ನಿಲ್ಲಿಸುವುದು ಸಹಜ. ಎಲ್ಲರೂ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಕೊಡುವುದೇ ಬೇಸರ. ಹಾಗಿದ್ದರೂ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ಮುಗಿದ ಕೂಡಲೇ ಎದ್ದು ಬನ್ನಿ. ನೀವು ಹಾಡಲಾರದ ದಿನ ನಿಮ್ಮ ಸುತ್ತ ನಿಂತವರು ಹಾಡುತ್ತಾರೆ. ಸಭೆ ಇರುವುದೇ ಅದಕ್ಕೆ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಹೇಳಿದ ಗುಟ್ಟನ್ನು ಹೊರಹಾಕದ ಒಬ್ಬರನ್ನು ಆರಿಸಿಕೊಂಡು, ವಾರಕ್ಕೊಮ್ಮೆ ನನ್ನೊಂದಿಗೆ ಪ್ರಾರ್ಥಿಸುತ್ತೀರಾ ಎಂದು ಕೇಳಿ.

ಸಂತೈಸಲು ಹೋಗುವವರಿಗೂ ಒಂದು ಮಾತು. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿತೆರೆದ ಮೇಲೆ ಆದದ್ದೆಲ್ಲ ಅನರ್ಥ.

ಕಳೆದುದನ್ನು ಹೆಸರಿಸಿ ಸಂತೋಷಿಸುವುದು

ಇಷ್ಟೆಲ್ಲ ಆದ ಮೇಲೆ ಸಂತೋಷದ ಅಭ್ಯಾಸಕ್ಕೆ ಬರಬಹುದು. ಹಬಕ್ಕೂಕನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅಂಜೂರ ಚಿಗುರದಿದ್ದರೂ, ದ್ರಾಕ್ಷೆಯಲ್ಲಿ ಹಣ್ಣು ಇಲ್ಲದಿದ್ದರೂ, ಎಣ್ಣೇಮರಗಳ ಉತ್ಪತ್ತಿ ಮೋಸಮಾಡಿದರೂ, ಹೊಲಗಳು ಆಹಾರ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿಯಿಲ್ಲದೆ ಕೊಟ್ಟಿಗೆಯಲ್ಲಿ ದನವಿಲ್ಲದೆ ಹೋದರೂ ಎಂದು ಪ್ರವಾದಿ ನಷ್ಟಗಳನ್ನು ಒಂದೊಂದಾಗಿ ಎಣಿಸಿ, ಆಮೇಲೆ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ. ಒಂದು ನಷ್ಟವನ್ನೂ ಅವನು ಲೆಕ್ಕದಿಂದ ಬಿಟ್ಟಿಲ್ಲ. ನಿಮ್ಮ ನಷ್ಟಗಳನ್ನೂ ಹೀಗೆ ಹೆಸರು ಹಿಡಿದು ಬರೆಯಿರಿ, ಪಕ್ಕದಲ್ಲೇ ಆ ದಿನ ದೊರೆತ ಒಳ್ಳೆಯದೊಂದನ್ನು ಬರೆಯಿರಿ. ಅದು ದೊಡ್ಡದೇ ಆಗಬೇಕಿಲ್ಲ: ಯಾರೋ ಫೋನ್ ಮಾಡಿ ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಂಡರು, ಮಗು ಜ್ವರವಿಳಿದು ಆಟಕ್ಕೆ ಎದ್ದಿತು. ಕೃಪೆಗಳು ದಿನದಿನವೂ ಹೊಸಹೊಸದಾಗಿ ಒದಗುತ್ತವೆಂಬ ಪ್ರಲಾಪಗಳ ಗ್ರಂಥದ ಮಾತು ಬರುವುದು ಹಾಳಾದ ಯೆರೂಸಲೇಮನ್ನು ಕುರಿತ ಐದು ಶೋಕಗೀತೆಗಳ ನಟ್ಟನಡುವೆ. ಅದಾದ ಮೇಲೂ ಗೋಳಾಟ ಮುಂದುವರಿಯುತ್ತದೆ. ನಿಮ್ಮ ಪುಟದಲ್ಲಿಯೂ ಒಳ್ಳೆಯದು ಮತ್ತು ನಷ್ಟ ಹೀಗೆ ಬೆರೆತೇ ಇರಲಿ.

ಒಂದು ದಿನ ನಗು ಬಂದಾಗ, ವಿಶೇಷವಾಗಿ ಸಾವಿನ ಮನೆಯಲ್ಲಿ, ತಪ್ಪು ಮಾಡಿದೆವೇನೋ ಎನ್ನಿಸಬಹುದು. ಆ ನಗುವನ್ನು ತಡೆಯಬೇಡಿ. ಅದನ್ನು ಕೊಟ್ಟವನಿಗೆ ವಂದನೆ ಹೇಳಿ ಮುಂದೆ ಸಾಗಿ.

ಕಷ್ಟ ತೀರದೇ ಉಳಿದರೆ? ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲ ತೊಲಗಬೇಕೆಂದು ಮೂರು ಸಲ ಬೇಡಿಕೊಂಡನು, ಅದು ತೊಲಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಅವನಿಗೆ ನಂಬಿಕೆ ಸಾಲದ್ದರಿಂದ ಹಾಗಾಯಿತೆಂದು ಯಾರೂ ಹೇಳುವುದಿಲ್ಲ. ನಿಮಗೆ ಹಾಗೆ ಹೇಳುವವರು, ಇಷ್ಟು ಕಾಣಿಕೆ ಕೊಟ್ಟರೆ ಗುಣವಾಗುತ್ತದೆನ್ನುವವರು, ಔಷಧಿ ನಿಲ್ಲಿಸಿ ನಂಬಿಕೆ ತೋರಿಸು ಎನ್ನುವವರು ಸಿಕ್ಕಿದರೆ, ವಾದಕ್ಕೆ ಇಳಿಯದೆ ಅಲ್ಲಿಂದ ಎದ್ದು ಬನ್ನಿ. ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ, ನಿಮ್ಮೊಡನೆ ಕುಳಿತು ಪ್ರಾರ್ಥಿಸುವ ಬೇರೆ ಸಭಾಪಾಲಕರನ್ನು ಹುಡುಕಿಕೊಳ್ಳಿ.