ಕುಗ್ಗಿದ ಕರೆಂಟು ಮತ್ತು ಒಂದು ಪೊಟ್ಯಾಸಿಯಂ ಬಾಟಲಿ

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲ್ಲಿನ, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗಲು ದಾರಿಯಾಗುವ ಪ್ರೋಟೀನಿನ, ಕರೆಂಟನ್ನು ಅಳೆಯುವ ಕೆಲಸಕ್ಕೆ ಸೇರಿದ ಮೇಲೆ ಮೊದಲ ನಾಲ್ಕು ತಿಂಗಳು ನಾನು ಅಳೆದದ್ದು ಏನೂ ಇಲ್ಲ. ಗಾಜಿನ ಪಿಪೆಟ್ಟುಗಳನ್ನು ಎಳೆಯುವುದು, ಅವುಗಳ ತುದಿಯನ್ನು ಕೋಶಕ್ಕೆ ತಗುಲಿಸುವುದು, ತುದಿ ಮುರಿದರೆ ಇನ್ನೊಂದನ್ನು ಎಳೆಯುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಈ ವಿದ್ಯೆಯನ್ನು ಕಲಿತ ಬಗೆಯನ್ನೂ, ಕಲಿತ ಮೇಲೆ ಮಾಡಿದ ಒಂದು ದೊಡ್ಡ ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ. ಆ ತಪ್ಪಿನಿಂದ ಹರ್ಗ್ ಚಾನೆಲ್ಲಿನ ಬಗ್ಗೆ ನನಗೆ ತಿಳಿದಷ್ಟು ಪಠ್ಯಪುಸ್ತಕಗಳಿಂದ ತಿಳಿದಿರಲಿಲ್ಲ.

ಈ ಚಾನೆಲ್ಲಿನ ಹೆಸರು ನೊಣದಿಂದ ಬಂದದ್ದು. ಈಥರ್ ಕೊಟ್ಟಾಗ ಕಾಲು ನಡುಗಿಸುತ್ತಿದ್ದ ಹಣ್ಣುನೊಣಗಳ ಒಂದು ತಳಿಗೆ 1960ರ ದಶಕದ ತಳಿವಿಜ್ಞಾನಿಗಳು ಆ ಕಾಲದ ಗೋ-ಗೋ ನೃತ್ಯವನ್ನು ನೆನೆದು ‘ಈಥರ್-ಎ-ಗೋ-ಗೋ’ ಎಂದು ಹೆಸರಿಟ್ಟರು. ಅದೇ ಕುಟುಂಬಕ್ಕೆ ಸೇರಿದ ಮನುಷ್ಯರ ಜೀನನ್ನು ವಾರ್ಮ್ಕೆ ಮತ್ತು ಗ್ಯಾನೆಟ್ಸ್ಕಿ 1994ರಲ್ಲಿ ಗುರುತಿಸಿದರು. ಮರುವರ್ಷವೇ, ಅಂದರೆ 1995ರಲ್ಲಿ, ಈ ಜೀನಿನ ದೋಷದಿಂದ ಎರಡನೇ ಬಗೆಯ ಲಾಂಗ್ ಕ್ಯುಟಿ ಸಿಂಡ್ರೋಮ್ ಬರುತ್ತದೆ ಎಂಬುದು ಗೊತ್ತಾಯಿತು. ಇಸಿಜಿಯಲ್ಲಿ ಕ್ಯು ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಕ್ಯುಟಿ ಅವಧಿಯೆಂದರೆ, ಹೃದಯದ ಕೆಳಕೋಣೆಗಳು ಪ್ರಚೋದನೆಗೊಂಡು ಮತ್ತೆ ವಿದ್ಯುತ್ ವಿಶ್ರಾಂತಿಗೆ ಮರಳಲು ತೆಗೆದುಕೊಳ್ಳುವ ಸಮಯ. ಬಡಿತದ ವೇಗಕ್ಕೆ ತಕ್ಕಂತೆ ಸರಿಪಡಿಸಿದ ಈ ಅವಧಿ 500 ಮಿಲಿಸೆಕೆಂಡು ದಾಟಿತೆಂದರೆ ವೈದ್ಯರು ಎಚ್ಚರಗೊಳ್ಳುತ್ತಾರೆ, ಏಕೆಂದರೆ ಆ ಸ್ಥಿತಿಯಲ್ಲಿ ಹೃದಯದ ಲಯ ಹಠಾತ್ತನೆ ಕೆಟ್ಟು ರೋಗಿ ಮೂರ್ಛೆ ಹೋಗಬಹುದು, ಕೆಲವೊಮ್ಮೆ ಪ್ರಾಣವೇ ಹೋಗಬಹುದು. ಎರಡನೇ ಬಗೆಯವರಲ್ಲಿ ನಸುಕಿನ ಅಲಾರಾಂ ಅಥವಾ ದೂರವಾಣಿಯ ಗಂಟೆಯಂಥ ದಿಢೀರ್ ಸದ್ದೇ ಅದಕ್ಕೆ ಕಾರಣವಾಗುವುದುಂಟು.

ಪ್ರಚೋದನೆಗೊಂಡ ಹೃದಯಕೋಶವನ್ನು ವಿಶ್ರಾಂತಿಗೆ ಇಳಿಸುವ ಪೊಟ್ಯಾಸಿಯಂ ಪ್ರವಾಹಗಳಲ್ಲಿ ಹರ್ಗ್ ಚಾನೆಲ್ಲಿನದು ಮುಖ್ಯವಾದದ್ದು. ಆದರೆ ಔಷಧ ಕಂಪನಿಗಳೆಲ್ಲ ಈ ಚಾನೆಲ್ಲಿನತ್ತ ತಿರುಗಿ ನೋಡಿದ್ದು ಅಪರೂಪದ ಆನುವಂಶಿಕ ರೋಗದ ಕಾರಣಕ್ಕಲ್ಲ, ಟರ್ಫೆನಡಿನ್ ಎಂಬ ಅಲರ್ಜಿಯ ಮಾತ್ರೆಯ ಕಾರಣಕ್ಕೆ. ಆ ಮಾತ್ರೆಯನ್ನು ಒಡೆಯಬೇಕಾದ ಯಕೃತ್ತಿನ ಕಿಣ್ವವನ್ನು ಕೀಟೊಕೊನಜೋಲ್ ಅಥವಾ ಎರಿತ್ರೊಮೈಸಿನ್ ತಡೆದಾಗ ರಕ್ತದಲ್ಲಿ ಔಷಧ ಏರಿ, ಹರ್ಗ್ ಚಾನೆಲ್ಲನ್ನು ಮುಚ್ಚಿ, ಕ್ಯುಟಿ ಅವಧಿಯನ್ನು ಹಿಗ್ಗಿಸುತ್ತಿತ್ತು. ಅದು ಅಮೆರಿಕದ ಮಾರುಕಟ್ಟೆಯಿಂದ ಹೋದ ಮೇಲೆ, 2000ದಲ್ಲಿ ಹೊಟ್ಟೆಯ ತೊಂದರೆಗೆ ಕೊಡುತ್ತಿದ್ದ ಸಿಸಾಪ್ರೈಡ್ ಕೂಡ ಅದೇ ದಾರಿ ಹಿಡಿಯಿತು. 2005ರಿಂದ ಹೊಸ ಔಷಧಗಳನ್ನು ಈ ಚಾನೆಲ್ಲಿನ ಮೇಲೆ ಪರೀಕ್ಷಿಸುವುದಕ್ಕೆ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಇದೆ.

ನಾನು ಕಲಿಯಬೇಕಾಗಿದ್ದ ವಿಧಾನ ಪ್ಯಾಚ್ ಕ್ಲ್ಯಾಂಪ್. ನೇಹರ್ ಮತ್ತು ಸಾಕ್ಮನ್ 1976ರಲ್ಲಿ ರೂಪಿಸಿದ, 1991ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ವಿಧಾನ ಅದು. ಒಂದು ಮೈಕ್ರಾನಿನಷ್ಟು ಬಾಯಿಯ ಗಾಜಿನ ಪಿಪೆಟ್ಟನ್ನು ಕೋಶದ ಪೊರೆಗೆ ಒತ್ತಿ, ಅದಕ್ಕೆ ಜೋಡಿಸಿದ ಕೊಳವೆಯಿಂದ ಬಾಯಲ್ಲಿ ಮೆಲ್ಲಗೆ ಹೀರಿದರೆ ಗಾಜಿಗೂ ಪೊರೆಗೂ ನಡುವೆ ಬಿಗಿಯಾದ ಬೆಸುಗೆ ಕೂಡುತ್ತದೆ. ಪರದೆಯ ಮೇಲೆ ಅದುವರೆಗೆ ಎದ್ದು ನಿಂತಿದ್ದ ಚೌಕಾಕಾರದ ಅಲೆ ಒಮ್ಮೆಗೇ ನೆಲಕಚ್ಚಿ ಗೆರೆಯಾಗುತ್ತದೆ, ಪ್ರತಿರೋಧ ನೂರು ಕೋಟಿ ಓಮ್ ದಾಟಿರುತ್ತದೆ. ಇನ್ನೊಮ್ಮೆ ಚುರುಕಾಗಿ ಹೀರಿದರೆ ತುದಿಯಲ್ಲಿರುವ ಪೊರೆ ಹರಿದು, ಪಿಪೆಟ್ಟಿನ ದ್ರವವೂ ಕೋಶದ ಒಳಗೂ ಒಂದಾಗುತ್ತವೆ. ಇದರಲ್ಲಿ ಎಷ್ಟು ಹೀರಬೇಕು ಎಂಬುದನ್ನು ಯಾರೂ ಹೇಳಿಕೊಡಲಾರರು. ನನಗೆ ಅದು ಬಂದದ್ದು ಒಂದು ಸಂಜೆ, ಬೇಸರದಿಂದ ಹೀರುವುದನ್ನೇ ಮರೆತು ಒತ್ತಡವನ್ನು ಸುಮ್ಮನೆ ಬಿಟ್ಟಾಗ. ಬೆಸುಗೆ ತಾನಾಗಿ ಕೂತುಕೊಂಡಿತು.

ಅದಕ್ಕೂ ಮೊದಲಿನ ಶತ್ರು 50 ಹರ್ಟ್ಸಿನ ಗುಂಯ್‌ಗುಡುವಿಕೆ. ಗೋಡೆಯ ವಿದ್ಯುತ್ತು ನಮ್ಮಲ್ಲಿ ಸೆಕೆಂಡಿಗೆ 50 ಬಾರಿ ತೂಗಾಡುತ್ತದೆ, ಅದರ ನೆರಳು ನಾವು ಅಳೆಯುವ ಪಿಕೋಆಂಪಿಯರುಗಳ ಮೇಲೆ ಬೀಳುತ್ತದೆ. ಇಡೀ ಸೂಕ್ಷ್ಮದರ್ಶಕವನ್ನು ತಾಮ್ರದ ಜಾಲರಿಯ ಪಂಜರದೊಳಗೆ ಇಟ್ಟಿದ್ದರೂ ಮೂರು ವಾರ ಅದು ಹೋಗಲಿಲ್ಲ. ಒಂದೊಂದೇ ಉಪಕರಣದ ಪ್ಲಗ್ ಕೀಳುತ್ತಾ ಹೋದಾಗ ಕೊನೆಗೆ ಸಿಕ್ಕಿಬಿದ್ದದ್ದು ಸೂಕ್ಷ್ಮದರ್ಶಕದ ದೀಪದ ವಿದ್ಯುತ್ ಪೆಟ್ಟಿಗೆ. ಅದನ್ನು ಬ್ಯಾಟರಿಗೆ ಬದಲಾಯಿಸಿದ ದಿನ ಗೆರೆ ಕೂದಲಿನಷ್ಟು ತೆಳ್ಳಗಾಯಿತು.

ಮೊದಲ ಸರಿಯಾದ ಕರೆಂಟು ಕಂಡಾಗ ನಾನು ಅದನ್ನು ದೋಷವೆಂದೇ ಭಾವಿಸಿದೆ. ನಮ್ಮ ಕೋಶಗಳು ಎಚ್‌ಇಕೆ 293, ಅಂದರೆ ಮೂಲದಲ್ಲಿ ಮಾನವ ಭ್ರೂಣದ ಮೂತ್ರಪಿಂಡದಿಂದ ಬಂದು ದಶಕಗಳಿಂದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿರುವ ತಳಿ; ಅವುಗಳಿಗೆ ಹರ್ಗ್ ಜೀನನ್ನು ಸೇರಿಸಿರುತ್ತೇವೆ. ಕೋಶವನ್ನು ಮೈನಸ್ 80 ಮಿಲಿವೋಲ್ಟಿನಲ್ಲಿ ಹಿಡಿದಿಟ್ಟು, ಎರಡು ಸೆಕೆಂಡು ಪ್ಲಸ್ 20ಕ್ಕೆ ಏರಿಸಿ, ಬಳಿಕ ಮೈನಸ್ 50ಕ್ಕೆ ಇಳಿಸುವುದು ಕ್ರಮ. ಏರಿಸಿದಾಗ ಕರೆಂಟು ಚಿಕ್ಕದು. ಇಳಿಸಿದ ಕೂಡಲೇ ಅದು ಕೊಕ್ಕೆಯಂತೆ ಮೇಲಕ್ಕೆ ಹಾರಿ, ಆಮೇಲೆ ಸೆಕೆಂಡುಗಟ್ಟಲೆ ಇಳಿಯುತ್ತದೆ. ಚಾನೆಲ್ಲನ್ನು ತೆರೆಯುವ ವೋಲ್ಟೇಜಿನಲ್ಲಿ ಕರೆಂಟು ಕಡಿಮೆ, ಮುಚ್ಚುವ ವೋಲ್ಟೇಜಿನಲ್ಲಿ ಹೆಚ್ಚು: ಇದು ತಲೆಕೆಳಗಾಗಿದೆ ಎನ್ನಿಸಿತು. ನಿಜವಾಗಿ ಹರ್ಗ್ ಚಾನೆಲ್ಲಿಗೆ ಎರಡು ತಡೆಗಳಿವೆ. ಕೋಶದ ಒಳಬದಿಯ ಬಾಗಿಲು ನಿಧಾನವಾಗಿ ತೆರೆಯುತ್ತದೆ. ಹೊರಬದಿಯ ಕಿರಿದಾದ ಕಂಡಿಯಾದರೋ ಮಿಲಿಸೆಕೆಂಡುಗಳಲ್ಲಿ ಮುಚ್ಚಿಕೊಳ್ಳುತ್ತದೆ. ವೋಲ್ಟೇಜು ಇಳಿದಾಗ ಆ ಕಂಡಿ ತಟ್ಟನೆ ತೆರೆದು, ಒಳಬಾಗಿಲು ಇನ್ನೂ ಮುಚ್ಚಿರದ ಕಾರಣ, ಪೊಟ್ಯಾಸಿಯಂ ಒಮ್ಮೆಗೇ ಹೊರಗೆ ನುಗ್ಗುತ್ತದೆ. ಪ್ರಯೋಗಾಲಯದಲ್ಲಿ ನಾವು ಟೇಲ್ ಕರೆಂಟ್ ಎನ್ನುವ ಈ ಬಾಲವೇ ಹೃದಯಕೋಶ ವಿಶ್ರಾಂತಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಒದಗುವ ಪ್ರವಾಹ.

ಈಗ ತಪ್ಪಿನ ವಿಷಯ. ನನಗೆ ಅಭ್ಯಾಸಕ್ಕೆಂದು ಕೊಟ್ಟದ್ದು ಈಗಾಗಲೇ ಚೆನ್ನಾಗಿ ತಿಳಿದಿರುವ ಒಂದು ರೂಪಾಂತರ. ಅದರಲ್ಲಿ ಚಾನೆಲ್ಲಿನ 470ನೇ ಸ್ಥಾನದ ಆಸ್ಪರಾಜಿನ್ ಎಂಬ ಅಮೈನೋ ಆಮ್ಲದ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಬಂದು ಕೂತಿದೆ. ಹೀಗೆ ಕೆಟ್ಟ ಚಾನೆಲ್ಲು ಕರೆಂಟು ಹರಿಸಲಾರದ್ದೇನಲ್ಲ. ಮಡಿಕೆ ಸರಿಯಾಗಿ ಕೂಡದೆ ಕೋಶದೊಳಗೇ ಉಳಿದು, ಪೊರೆಯನ್ನು ತಲುಪುವುದಿಲ್ಲ. ಎರಡನೇ ಬಗೆಯ ಲಾಂಗ್ ಕ್ಯುಟಿಯ ಬಹುಪಾಲು ರೂಪಾಂತರಗಳ ಕಥೆ ಇದೇ. ಕೋಶಗಳನ್ನು 37ರ ಬದಲು 27 ಡಿಗ್ರಿಯಲ್ಲಿ ಒಂದು ದಿನ ಬೆಳೆಸಿದರೆ ಈ ಚಾನೆಲ್ಲುಗಳು ದಾರಿ ಕಂಡುಕೊಂಡು ಹೊರಬರುತ್ತವೆ ಎಂಬುದು 1999ರಿಂದ ಗೊತ್ತಿದೆ. ಪ್ರೋಟೀನನ್ನು ಜೆಲ್ಲಿನಲ್ಲಿ ಓಡಿಸಿದರೆ ಒಳಗೇ ಉಳಿದದ್ದು 135 ಕಿಲೋಡಾಲ್ಟನ್ ಪಟ್ಟಿಯಾಗಿಯೂ, ಸಕ್ಕರೆಯ ಸರಪಳಿ ಪೂರ್ತಿ ಸೇರಿ ಬಲಿತದ್ದು 155ರ ಪಟ್ಟಿಯಾಗಿಯೂ ಕಾಣುತ್ತದೆ. ನನ್ನ ತಣ್ಣನೆಯ ಕೋಶಗಳಲ್ಲಿ 155ರ ಪಟ್ಟಿ ಬಂದಿತ್ತು.

ಆದರೆ ಕರೆಂಟು ವಿಚಿತ್ರವಾಗಿತ್ತು. ಬಾಲ ಇತ್ತು; ಪ್ಲಸ್ 20ಕ್ಕೆ ಏರಿಸಿದಾಗ ಬರಬೇಕಾದ ಕರೆಂಟು ಮಾತ್ರ ಹೆಚ್ಚುಕಡಿಮೆ ಮಾಯವಾಗಿತ್ತು. ಹಾಗೆಂದರೆ ಹೊರಬದಿಯ ಕಂಡಿ ಈ ರೂಪಾಂತರದಲ್ಲಿ ಇನ್ನೂ ಬಲವಾಗಿ ಮುಚ್ಚಿಕೊಳ್ಳುತ್ತಿದೆ ಎಂದು ಅರ್ಥ ಮಾಡಿಕೊಂಡೆ. ಎರಡು ವಾರ, ಕೋಶದ ಮೇಲೆ ಕೋಶ, ಅದೇ ಫಲಿತಾಂಶ. ಯಾರೂ ಗಮನಿಸದ್ದನ್ನು ಕಂಡುಹಿಡಿದೆನೆಂಬ ಉಬ್ಬಿನಲ್ಲಿ ಒಂದೂವರೆ ಪುಟ ಬರೆದು, ಚಿತ್ರಗಳ ಸಮೇತ ಮಾರ್ಗದರ್ಶಕರ ಮುಂದಿಟ್ಟೆ. ಅವರು ಬರಹವನ್ನು ಓದಲಿಲ್ಲ, ಚಿತ್ರಗಳ ಕೆಳಗಿನ ದಿನಾಂಕಗಳನ್ನು ನೋಡಿದರು.

“ಇದೇ ದಿನದ ವೈಲ್ಡ್ ಟೈಪ್ ಎಲ್ಲಿದೆ?” ಎಂದು ಕೇಳಿದರು.

“ಮೇಡಂ, ಅದನ್ನು ಹೋದ ತಿಂಗಳೇ ಹನ್ನೆರಡು ಕೋಶಗಳಲ್ಲಿ ರೆಕಾರ್ಡ್ ಮಾಡಿದ್ದೇನಲ್ಲ.”

“ಹೋದ ತಿಂಗಳಿನದು ಹೋದ ತಿಂಗಳಿಗೆ ಆಯಿತು. ಇವತ್ತು ಒಂದೇ ಒಂದು ಮಾಡಿ, ಆಮೇಲೆ ಮಾತಾಡೋಣ.”

ಮಾಡಿದೆ. ಯಾವ ರೂಪಾಂತರವೂ ಇಲ್ಲದ ಚಾನೆಲ್ಲಿನಲ್ಲೂ ಅದೇ: ಬಾಲ ಇದೆ, ಮೇಲಿನ ಕರೆಂಟು ಇಲ್ಲ. ಒಂದೂವರೆ ಪುಟ ಅಲ್ಲಿಗೆ ಮುಗಿಯಿತು. ನನ್ನ ಮೊದಲ ಅನುಮಾನ ಕೋಶಗಳ ಮೇಲೆ ಹೋಯಿತು, ಎರಡನೆಯದು ಆಂಪ್ಲಿಫೈಯರಿನ ಮೇಲೆ. ನಾನೇ ಕಲಸಿದ ದ್ರವದ ಮೇಲೆ ಹೋಗಲಿಲ್ಲ. ಮನುಷ್ಯ ತನ್ನ ಕೈಬರಹವನ್ನು ಕೊನೆಗೇ ಅನುಮಾನಿಸುತ್ತಾನೆ.

ದಾರಿ ತೋರಿಸಿದ್ದು ಕೋಶವೇ. ಚಾನೆಲ್ಲು ತೆರೆದಿರುವಾಗ ವೋಲ್ಟೇಜನ್ನು ಮೈನಸ್ 50, 60, 70 ಎಂದು ಇಳಿಸುತ್ತಾ ಹೋದರೆ, ಒಂದು ಹಂತದಲ್ಲಿ ಬಾಲ ಚಪ್ಪಟೆಯಾಗಿ, ಅಲ್ಲಿಂದಾಚೆ ಕೆಳಮುಖವಾಗುತ್ತದೆ. ಪೊರೆಯ ಒಳಗೂ ಹೊರಗೂ ಇರುವ ಪೊಟ್ಯಾಸಿಯಂ ಪ್ರಮಾಣಗಳು ಆ ಬಿಂದುವನ್ನು ನಿರ್ಧರಿಸುತ್ತವೆ. ಒಳಗೆ ಸುಮಾರು 140 ಮಿಲಿಮೋಲಾರ್, ಹೊರಗೆ 4 ಇದ್ದರೆ ಅದು ಮೈನಸ್ 85ರಿಂದ 90ರ ಆಸುಪಾಸಿನಲ್ಲಿ ಸಿಗಬೇಕು. ನನಗೆ ಸಿಕ್ಕಿದ್ದು ಮೈನಸ್ 105ರ ಆಚೆ. ಹಿಂದುಮುಂದಾಗಿ ಲೆಕ್ಕ ಹಾಕಿದಾಗ, ಈ ಚಾನೆಲ್ಲಿನಲ್ಲಿ ಸೋಡಿಯಂ ಕೂಡ ಒಂದಿಷ್ಟು ನುಸುಳುವುದರಿಂದ ಉತ್ತರ ನಿಖರವಲ್ಲದಿದ್ದರೂ, ಹೊರಗಿನ ಪೊಟ್ಯಾಸಿಯಂ 4ಕ್ಕಿಂತ ಬಹಳ ಕೆಳಗಿದೆ, 1ರ ಹತ್ತಿರ ಇದೆ ಎಂಬುದು ಸ್ಪಷ್ಟವಾಯಿತು.

ಫ್ರಿಜ್ಜಿನ ಬಾಗಿಲು ತೆಗೆದು ನೋಡಿದೆ. ಪೊಟ್ಯಾಸಿಯಂ ಕ್ಲೋರೈಡಿನ ಎರಡು ಬಾಟಲಿ ಇದ್ದವು. ಒಂದರ ಮೇಲೆ 1 ಮೋಲಾರ್ ಎಂದಿತ್ತು. ಬೇರೊಂದು ಪ್ರಯೋಗಕ್ಕೆಂದು ನಾನೇ ನಾಲ್ಕು ಪಾಲು ತೆಳುಮಾಡಿದ್ದ ಇನ್ನೊಂದರ ಮೇಲೆ ಬರೆದದ್ದು ಎಥನಾಲ್ ತಗುಲಿ ಅಳಿಸಿಹೋಗಿತ್ತು, ‘ಕೆಸಿಎಲ್’ ಎಂಬುದಷ್ಟೇ ಉಳಿದಿತ್ತು. ಲೀಟರಿಗೆ 4 ಮಿಲಿಲೀಟರ್ ಹಾಕಬೇಕೆಂಬ ಲೆಕ್ಕವನ್ನು ನಾನು ಈ ಎರಡನೆಯ ಬಾಟಲಿಯಿಂದ ಶ್ರದ್ಧೆಯಿಂದ ಪಾಲಿಸಿದ್ದೆ. ಪಿಎಚ್ 7.4 ಸರಿಯಾಗಿಯೇ ಇತ್ತು. ದ್ರವದಲ್ಲಿ ಕರಗಿದ ಕಣಗಳ ಪ್ರಮಾಣವನ್ನು ಅಳೆಯುವ ಆಸ್ಮೋಮೀಟರು ಆರು ಅಂಕ ಕಡಿಮೆ ತೋರಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಮುನ್ನೂರರ ಹತ್ತಿರದ ಅಂಕಿಯಲ್ಲಿ ಆರು ಏನು ಮಹಾ ಎಂದು ಮುಂದೆ ಹೋಗಿದ್ದೆ.

ನನ್ನನ್ನು ಮೋಸಗೊಳಿಸಿದ ಇನ್ನೊಂದು ಸಂಗತಿಯೂ ಇತ್ತು. ಹೊರಗೆ ಪೊಟ್ಯಾಸಿಯಂ ಕಡಿಮೆಯಾದರೆ ಒಳಗಿನಿಂದ ಹೊರಕ್ಕೆ ಹರಿಯುವ ಒತ್ತಡ ಹೆಚ್ಚುತ್ತದೆ, ಆದ್ದರಿಂದ ಕರೆಂಟು ದೊಡ್ಡದಾಗಬೇಕು. ಸಾಮಾನ್ಯ ತರ್ಕ ಹೇಳುವುದು ಇಷ್ಟೇ. ಹರ್ಗ್ ಈ ತರ್ಕಕ್ಕೆ ಬಗ್ಗುವುದಿಲ್ಲ. ಹೊರಬದಿಯ ಕಂಡಿಯಲ್ಲಿ ನಿಂತು ಅದು ಮುಚ್ಚದಂತೆ ತಡೆಯುವುದು ಹೊರಗಿನ ಪೊಟ್ಯಾಸಿಯಮ್ಮೇ. ಅದು ವಿರಳವಾದಾಗ ಕಂಡಿ ಬೇಗ ಮುಚ್ಚುತ್ತದೆ, ಸಾಲದ್ದಕ್ಕೆ ಹೊರಗಿನ ಸೋಡಿಯಂ ಕೂಡ ಅಡ್ಡ ನಿಲ್ಲುತ್ತದೆ. ಹೀಗಾಗಿ ಒತ್ತಡ ಹೆಚ್ಚಿದರೂ ಹರಿವು ತಗ್ಗುತ್ತದೆ. ಸ್ಯಾಂಗ್ವಿನೆಟ್ಟಿ ಮತ್ತು ಸಂಗಡಿಗರು ಹರ್ಗ್ ಕರೆಂಟನ್ನು ಮೊದಲು ವಿವರಿಸಿದ 1995ರ ಲೇಖನದಲ್ಲೇ ಇದಿದೆ, ನಾನು ಅದನ್ನು ಓದಿಯೂ ಇದ್ದೆ. ಓದಿದ್ದು ನೆನಪಿಗೆ ಬಾರದೆ ಹೋದದ್ದಕ್ಕೆ ಕಾರಣ, ಅಂಥದ್ದೊಂದು ನನ್ನ ತಟ್ಟೆಯಲ್ಲೇ ನಡೆಯುತ್ತಿದೆ ಎಂಬ ಕಲ್ಪನೆಯೇ ಇರಲಿಲ್ಲ.

ಆಸ್ಪತ್ರೆಯ ವಾರ್ಡುಗಳಲ್ಲಿ ಇದಕ್ಕೆ ಇರುವ ಅರ್ಥ ನನಗೆ ಆಮೇಲೆ ಹೊಳೆಯಿತು. ಭೇದಿ, ವಾಂತಿ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ರಕ್ತದ ಪೊಟ್ಯಾಸಿಯಂ ಇಳಿದಾಗ ಲಾಂಗ್ ಕ್ಯುಟಿ ಇರುವವರನ್ನು ವೈದ್ಯರು ಅಷ್ಟು ಜಾಗರೂಕತೆಯಿಂದ ನೋಡಿಕೊಳ್ಳುವುದು ಏಕೆಂದರೆ, ರೋಗಿಯಲ್ಲಿ ಮೊದಲೇ ಕಡಿಮೆಯಿರುವ ಹರ್ಗ್ ಕರೆಂಟನ್ನು ಆ ಕೊರತೆ ಮತ್ತಷ್ಟು ಕುಗ್ಗಿಸುತ್ತದೆ. ನನ್ನ ಬಾಟಲಿ ಮಾಡಿದ್ದು ಅದನ್ನೇ, ಸ್ವಲ್ಪ ಅತಿಯಾಗಿ: ಮನುಷ್ಯರ ರಕ್ತದಲ್ಲಿ 3.5ರಿಂದ 5 ಇರಬೇಕಾದದ್ದು 1ಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ಮೊದಲೇ ಜೀವ ಅಪಾಯಕ್ಕೆ ಸಿಲುಕಿರುತ್ತದೆ.

ಸರಿಯಾದ ದ್ರವ ಕಲಸಿ ಮತ್ತೆ ಕೂತಾಗ, 27 ಡಿಗ್ರಿಯಲ್ಲಿ ಬೆಳೆದ ರೂಪಾಂತರದ ಕೋಶಗಳು ಮೇಲಿನ ಕರೆಂಟನ್ನೂ ಬಾಲವನ್ನೂ ಎಲ್ಲರೂ ವರದಿ ಮಾಡಿದಂತೆಯೇ ಕೊಟ್ಟವು. ಅಂದಿನಿಂದ ಇಂದಿನವರೆಗೆ ನನ್ನ ಪ್ರತಿ ದಿನದ ಮೊದಲ ಕೋಶ ವೈಲ್ಡ್ ಟೈಪ್, ಆ ದಿನದ ಮೊದಲ ಅಳತೆ ಬಾಲ ತಿರುಗುವ ಬಿಂದು. ಅದಕ್ಕೆ ಹತ್ತು ನಿಮಿಷ ಹೋಗುತ್ತದೆ, ಕೆಲವೊಮ್ಮೆ ಒಳ್ಳೆಯ ಕೋಶವೊಂದು ಅಷ್ಟರಲ್ಲೇ ಸತ್ತೂ ಹೋಗುತ್ತದೆ.

ಆ ತೆಳುವಾದ ಬಾಟಲಿಯನ್ನು ನಾನು ಚೆಲ್ಲಲಿಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಬೆಸುಗೆ ಕೂಡಿಸುವುದು ಬಂದ ಮೇಲೆ, ಒಂದೇ ಕೋಶದ ಮೇಲೆ 4ರ ದ್ರವವನ್ನೂ 1ರ ದ್ರವವನ್ನೂ ಸರದಿಯಲ್ಲಿ ಹರಿಸಿ, ಯಾವುದು ಯಾವುದೆಂದು ಹೇಳದೆ ಕರೆಂಟು ಏರಿಳಿಯುವುದನ್ನು ನೋಡಲು ಬಿಡುತ್ತೇನೆ. ಹೆಚ್ಚಿನವರು ದೊಡ್ಡ ಕರೆಂಟಿನ ದ್ರವವನ್ನೇ ಕಡಿಮೆ ಪೊಟ್ಯಾಸಿಯಂನದೆಂದು ಗುರುತಿಸುತ್ತಾರೆ. ಹೋದ ವರ್ಷ ಒಬ್ಬಳು ಮಾತ್ರ ಏನೂ ಹೇಳದೆ, ವೋಲ್ಟೇಜನ್ನು ಹತ್ತು ಹತ್ತು ಇಳಿಸುತ್ತಾ ಬಾಲ ತಿರುಗುವ ಬಿಂದುವನ್ನು ಹುಡುಕತೊಡಗಿದಳು.