ಫೀಸಿಲ್ಲದ ಕೇಸು, ಕವರ್ ತುಂಬ ಕಾಗದ

ಫೀಸಿಲ್ಲದೆ ಕೇಸು ನೋಡುತ್ತೇನೆ ಅಂದರೆ ಜನ ಮೊದಲು ಅನುಮಾನ ಪಡುತ್ತಾರೆ. “ದುಡ್ಡಿಲ್ದೆ ಮಾಡುದ್ರೆ ಕೆಲ್ಸ ಸರ್ಯಾಗ್ ಆಯ್ತದಾ ಮೇಡಂ?” ಅಂತ ಮಂಡ್ಯದವರು ಮುಖಕ್ಕೇ ಕೇಳುತ್ತಾರೆ. ಕೇಳಲಿ, ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಲೆಕ್ಕ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಬಂದ ಕೇಸಾದರೆ ನನ್ನ ಫೀಸು, ಕೋರ್ಟ್ ಫೀ ಎಲ್ಲ ಅವರದ್ದು. ಕಕ್ಷಿದಾರರಿಂದ ಪ್ಯಾನೆಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ನನ್ನಂಥವರು, ಒಂದು ರೂಪಾಯಿಯನ್ನೂ ತಗೊಳ್ಳುವ ಹಾಗಿಲ್ಲ. ಕೇಳಿದರೆ ಅಲ್ಲೇ ದೂರು ಕೊಡಿ ಅಂತಲೂ ಹೇಳುತ್ತೇನೆ. ಇದು ಬಿಟ್ಟು ನಾನಾಗಿಯೇ ತಗೊಳ್ಳುವ ಕೇಸುಗಳು ಬೇರೆ, ಅವು ಕಡಿಮೆ. ಜಾಸ್ತಿ ತಗೊಂಡರೆ ಯಾವುದಕ್ಕೂ ನ್ಯಾಯ ಸಿಗಲ್ಲ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಈ ನೆರವು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗೇನಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು ಇವರಿಗೆಲ್ಲ ಆದಾಯ ನೋಡುವುದೇ ಇಲ್ಲ. ಆದಾಯದ ಮಿತಿ ಉಳಿದವರಿಗೆ. ಆದರೂ ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿ ಸುತ್ತಿ ಸುಸ್ತಾಗಿ ಬಂದ ಹೆಂಗಸರನ್ನು ಎಷ್ಟೋ ನೋಡಿದ್ದೇನೆ.

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ವಾದ ಅಲ್ಲ, ಕಾಗದ ಓದುವುದು. ಪಾಂಡವಪುರ ಕಡೆಯ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ. ಬಟ್ಟೆ ಅಂಗಡಿಯ ಕವರಿನಲ್ಲಿ ಮನೆಯ ಕಾಗದವನ್ನೆಲ್ಲ ತುಂಬಿಕೊಂಡು ಬಂದಿದ್ದರು. ಕರೆಂಟ್ ಬಿಲ್ಲು, ಗೊಬ್ಬರದ ಅಂಗಡಿ ಚೀಟಿ, ಮಗಳ ಮದುವೆಯ ಲಗ್ನಪತ್ರಿಕೆ. ಎಲ್ಲ ಟೇಬಲ್ ಮೇಲೆ ಹರಡಿದೆ. ತಳದಲ್ಲಿ ಮಾವನ ಹೆಸರಿನ ಹಳೇ ಪಹಣಿ, ಗಂಡನ ಮರಣ ಪ್ರಮಾಣ ಪತ್ರ, ಜೊತೆಗೆ ಸಹಿ ಹಾಕದ ಒಂದು ಕರಡು ಪತ್ರ. “ಪೌತಿ ಖಾತೆಗೆ ಸಹಿ ಬೇಕಂತೆ, ಮೈದ್ನ ಕೊಟ್ಟವ್ನೆ” ಅಂದರು. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು. ಓದಿದರೆ ಅದು ಹಕ್ಕು ಬಿಡುಗಡೆ ಪತ್ರ, ತನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಕಾಗದ. ಅದರ ಜೊತೆಗಿದ್ದ ವಂಶವೃಕ್ಷದಲ್ಲಿ ಇವರ ಹೆಸರೂ ಇಲ್ಲ, ಇಬ್ಬರು ಹೆಣ್ಣುಮಕ್ಕಳ ಹೆಸರೂ ಇಲ್ಲ. ಗಂಡ ಮಾವನಿಗಿಂತ ಮೊದಲೇ ತೀರಿಹೋಗಿದ್ದಾರೆ, ಅದಕ್ಕೇ ಇವರಿಗೇನೂ ಬರಲ್ಲ ಅಂತ ಊರಲ್ಲಿ ನಂಬಿಸಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲೇ ತೀರಿಕೊಂಡ ಮಗನ ಹೆಂಡತಿ, ಮಕ್ಕಳು ಒಂದನೇ ವರ್ಗದ ವಾರಸುದಾರರು, ಅಂದರೆ ಮೊದಲ ಸಾಲಿನಲ್ಲೇ ಪಾಲು ಸಿಗಬೇಕಾದವರು.

ದಾವೆ ಹೂಡಬಹುದಿತ್ತು. ಪಾಲಿನ ದಾವೆ ಎಷ್ಟು ವರ್ಷ ಎಳೆಯುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾ? ಮೊದಲು ಖಾತೆ ಬದಲಾವಣೆಗೆ ತಹಸೀಲ್ದಾರರ ಹತ್ತಿರ ತಕರಾರು ಅರ್ಜಿ ಕೊಟ್ಟೆವು. ಆಮೇಲೆ ಪ್ರಾಧಿಕಾರಕ್ಕೆ ವ್ಯಾಜ್ಯಪೂರ್ವ ಅರ್ಜಿ, ಅಂದರೆ ದಾವೆ ಹೂಡುವ ಮೊದಲೇ ರಾಜಿಗೆ ಕರೆಸಿ ಅಂತ. ನೋಟಿಸ್ ಹೋದ ಮೇಲೆ ಮೈದುನ ಊರಿನ ಇಬ್ಬರು ಹಿರಿಯರ ಜೊತೆ ಬಂದರು. ಕಾನೂನು ತಿಳಿಸಿದ ಮೇಲೆ ಪಾಲು ಕೊಡಲು ಅವರದ್ದೇನೂ ತಕರಾರು ಇರಲಿಲ್ಲ. ಜಗಳ ನಿಂತಿದ್ದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನ ಹತ್ತಿರ. ಕಾಲುವೆ ಪಕ್ಕದ ಗದ್ದೆ ನನಗಿರಲಿ, ಮೇಲಿನದ್ದು ಅತ್ತಿಗೆಗೆ ಅಂದರು. ನೀರು ಹತ್ತದ ಜಮೀನು ಪಹಣಿಯಲ್ಲಿ ಎಕರೆ ಲೆಕ್ಕಕ್ಕೆ ಸರಿ, ಭತ್ತ ಬೆಳೆಯಲು ಅಲ್ಲ. ಅಕ್ಕ ಅದುವರೆಗೂ ಸುಮ್ನೆ ಕೂತಿದ್ದವರು, “ನೀರಿಲ್ದಿದ್ ಮೇಲೆ ಯಾವ್ ಪಾಲು?” ಅಂದರು. ಗದ್ದೆಯನ್ನೂ ಉದ್ದಕ್ಕೆ ಎರಡು ಮಾಡುವುದು ಅಂತ ಕೊನೆಗೆ ಒಪ್ಪಿಗೆ ಆಯಿತು.

ಲೋಕ ಅದಾಲತ್ತಿಗೆ ಕೊಟ್ಟ ರಾಜಿ ಅರ್ಜಿಯಲ್ಲಿ ಚಕ್ಕುಬಂದಿಯ (ನಾಲ್ಕೂ ಕಡೆಯ ಗಡಿಯ) ಜೊತೆ ಎತ್ತಿನಗಾಡಿ ಹೋಗುವ ದಾರಿ, ನೀರು ಹಾಯಿಸುವ ಕಾಲುವೆ ಎರಡನ್ನೂ ಬಿಡಿಸಿ ಬರೆಸಿದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಅಲ್ಲಿ ಬಿಟ್ಟುಹೋದ ಒಂದು ಸಾಲು ಆಮೇಲೆ ತಲೆನೋವಾಗುತ್ತದೆ. ಹೊಸದಾಗಿ ಪ್ಯಾನೆಲ್‌ಗೆ ಬರುವ ಜೂನಿಯರ್‌ಗಳಿಗೆ ನಾನು ಹೇಳುವುದೂ ಇದನ್ನೇ: ಜಮೀನಿನ ರಾಜಿ ಬರೆಯುವ ಮುಂಚೆ ಒಂದು ಸಲ ಜಮೀನು ನೋಡಿ ಬನ್ನಿ.

ಹಳ್ಳಿಯವರು ನೇರ ನನ್ನ ಆಫೀಸಿಗೇ ಬರಬೇಕಿಲ್ಲ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬರುವಾಗ ಮಾತ್ರ ಕಾಗದ ಆರಿಸಬೇಡಿ, ಕವರ್ ಸಮೇತ ಎಲ್ಲ ತನ್ನಿ.

ಆ ಅಕ್ಕನ ಜಮೀನಿನ ಪೋಡಿಗೆ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡುವುದಕ್ಕೆ, ಅರ್ಜಿ ಹೋಗಿದೆ. ಸರ್ವೆಯವರು ಇನ್ನೂ ಬಂದಿಲ್ಲ.