ಕಥೆಯ ಮೃಗಕ್ಕೂ ಒಂದು ಹೊಟ್ಟೆ ಇರಲಿ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ರಾತ್ರಿ ಒಂದು ಕಥೆ ಬೇಕೇ ಬೇಕು. ಕಥೆ ಅಂದಮೇಲೆ ಅದರಲ್ಲೊಂದು ವಿಚಿತ್ರ ಪ್ರಾಣಿಯೂ ಇರಬೇಕು. ಮೊದಲು ನನ್ನ ಮಕ್ಕಳಿಗೆ, ಈಗ ಮೊಮ್ಮಕ್ಕಳಿಗೆ ಇಂಥ ಕಥೆ ಹೇಳುತ್ತಾ ಎಷ್ಟೋ ವರ್ಷ ಕಳೆದಿದೆ. ಅಷ್ಟರಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೊಸದಾಗಿ ಕಥೆ ಹೇಳಲು ಕೂತವರಿಗೆ ಉಪಯೋಗಕ್ಕೆ ಬರಲಿ.

ನಮ್ಮ ಮನೆಯ ಮೃಗ ಗ್ರಿಫಿನ್. ಮುಂದೆ ಹದ್ದು, ಹಿಂದೆ ಸಿಂಹ. ಇದು ನಾನು ಹುಟ್ಟಿಸಿದ್ದಲ್ಲ, ಬಹಳ ಹಳೆಯದು. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಇದರ ಸುದ್ದಿ ಬರೆದಿದ್ದಾನೆ. ದೂರದ ಉತ್ತರದಲ್ಲಿ ಗ್ರಿಫಿನ್‌ಗಳು ಚಿನ್ನ ಕಾಯುತ್ತವಂತೆ, ಒಕ್ಕಣ್ಣಿನ ಜನ ಅದನ್ನು ಕದಿಯುತ್ತಾರಂತೆ. ಒಕ್ಕಣ್ಣಿನ ಜನ ಇದ್ದಾರೆ ಅನ್ನುವುದನ್ನು ಅವನೇ ನಂಬಲಿಲ್ಲ.

ಮೊದಮೊದಲು ನಾನು ಬೆಟ್ಟದಷ್ಟು ದೊಡ್ಡದು, ಬಾಯಲ್ಲಿ ಬೆಂಕಿ, ಆನೆ ಎತ್ತಿಕೊಂಡು ಹಾರುತ್ತೆ ಅಂತ ಸುಮ್ನೆ ಏರಿಸಿ ಏರಿಸಿ ಹೇಳುತ್ತಿದ್ದೆ. ಒಂದು ರಾತ್ರಿ ಮೊಮ್ಮಗಳು ಮಧ್ಯದಲ್ಲೇ ತಡೆದು, "ಅದು ಇವತ್ತು ಏನು ತಿಂತು?" ಅಂದಳು. "ಏನೋ ತಿಂತು ಬಿಡು" ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನನಗೆ ತುಂಬಾ ಬೇಜಾರಾಯಿತು. ಆ ಮಗು ನನ್ನ ಮೃಗವನ್ನು ನಿಜವಾದ ಪ್ರಾಣಿ ಅಂದುಕೊಂಡಿತ್ತು. ನಾನೇ ಹಾಗೆ ಅಂದುಕೊಂಡಿರಲಿಲ್ಲ. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಕಥೆ ಶುರು ಮಾಡುವ ಮೊದಲು ಅದು ಏನು ತಿನ್ನುತ್ತದೆ, ಯಾವಾಗ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳುತ್ತೇನೆ. ಉತ್ತರವನ್ನು ನಿಜವಾದ ಪ್ರಾಣಿಗಳಿಂದಲೇ ತರುತ್ತೇನೆ.

ಊಟದಿಂದ ಶುರು ಮಾಡಿ. ಹದ್ದಿಗೆ ಹಲ್ಲಿಲ್ಲ. ಕೊಕ್ಕಿನಿಂದ ಹರಿದು ನುಂಗುತ್ತದೆ. ಸಿಂಹಕ್ಕೆ ಹಲ್ಲಿದ್ದರೂ ನಮ್ಮ ಹಾಗೆ ಅಗಿಯುವುದಿಲ್ಲ, ಕತ್ತರಿಸಿ ನುಂಗುತ್ತದೆ. ಹಾಗಾಗಿ ಎರಡೂ ಸೇರಿದ ಮೃಗ ಗಬಗಬ ನುಂಗುವಂಥದ್ದೇ ಆಗಬೇಕು. ಗೂಬೆ, ಹದ್ದುಗಳು ಜೀರ್ಣವಾಗದ ಕೂದಲು, ಗರಿಗಳನ್ನು ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುತ್ತವೆ. ನಮ್ಮ ಗ್ರಿಫಿನ್ ಗುಹೆಯ ಕೆಳಗೂ ಅಂಥ ಉಂಡೆಗಳ ರಾಶಿ ಇದೆ. ಕಥೆಯ ಹುಡುಗ ಒಂದು ಉಂಡೆ ಒಡೆದು ನೋಡುತ್ತಾನೆ, ಒಳಗೆ ಕಳೆದುಹೋದ ಕುರಿಯ ಗಂಟೆ! ಇಂಥದ್ದು ಬಂದಾಗ ಮಕ್ಕಳು ಹಾಸಿಗೆ ಮೇಲೆ ಎದ್ದು ಕೂರುತ್ತಾರೆ.

ಇನ್ನು ಹಾರುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಈಗ ಬದುಕಿರುವ ಹಾರುವ ಹಕ್ಕಿಗಳಲ್ಲಿ ತುಂಬಾ ಭಾರದವು ಅಂದರೆ ಬಸ್ಟರ್ಡ್ ಜಾತಿಯವು, ದೊಡ್ಡ ಗಂಡು ಸುಮಾರು 18 ಕೆಜಿ ತೂಗಬಹುದು. ಗಂಡು ಸಿಂಹ 150 ಕೆಜಿಗಿಂತ ಜಾಸ್ತಿ. ಇಷ್ಟು ಭಾರದ ಪ್ರಾಣಿ ನಿಂತಲ್ಲಿಂದ ಪಟಪಟ ರೆಕ್ಕೆ ಬಡಿದು ಮೇಲೇಳುತ್ತೆ ಅಂದರೆ ಶಾಲೆಗೆ ಹೋಗುವ ಮಕ್ಕಳು ನಂಬುವುದಿಲ್ಲ. ಮಾಯದ ಲೋಕ, ಅಲ್ಲಿ ಹಾರುತ್ತೆ, ಸರಿ. ಆದರೆ ಹಾರುವುದು ಅದಕ್ಕೆ ಕಷ್ಟ ಅಂತ ತೋರಿಸಿ. ನಾನು ರಣಹದ್ದನ್ನು ನೋಡಿ ಕಲಿತೆ. ಅದು ಬೆಳಗಾದ ತಕ್ಷಣ ಹಾರಲು ಹೊರಡುವುದಿಲ್ಲ. ಬಿಸಿಲು ಏರಬೇಕು, ನೆಲ ಕಾಯಬೇಕು, ಬಿಸಿಗಾಳಿ ಮೇಲೇಳಬೇಕು. ಅಲ್ಲಿಯವರೆಗೆ ರೆಕ್ಕೆ ಹರಡಿಕೊಂಡು ಕೂತಿರುತ್ತದೆ. ಆಮೇಲೆ ಆ ಗಾಳಿಯ ಮೇಲೆ ಸುತ್ತುತ್ತಾ ಸುತ್ತುತ್ತಾ ಏರುತ್ತದೆ, ರೆಕ್ಕೆ ಬಡಿಯುವುದೇ ಕಡಿಮೆ.

ಇದೊಂದು ತಿಳಿದರೆ ಅರ್ಧ ಕಥೆ ತಾನಾಗಿಯೇ ಬರುತ್ತದೆ. ಗ್ರಿಫಿನ್ ಬಂಡೆಯ ತುದಿಯಲ್ಲೇ ಯಾಕೆ ವಾಸ ಮಾಡುತ್ತದೆ? ಅಲ್ಲಿಂದ ಜಿಗಿದರೆ ಮಾತ್ರ ಹಾರಲು ಆಗುತ್ತದೆ. ಸಮತಟ್ಟು ನೆಲದಲ್ಲಿ ಇಳಿದರೆ ನಡೆದುಕೊಂಡೇ ವಾಪಸ್ ಬೆಟ್ಟ ಹತ್ತಬೇಕು. ಮೋಡ ಕವಿದ ದಿನ ಅದಕ್ಕೆ ಉಪವಾಸ. ಕಣಿವೆ ದಾಟಬೇಕಾದ ಹುಡುಗಿ ನಸುಕಿನಲ್ಲೇ ಹೊರಡುತ್ತಾಳೆ, ಬಿಸಿಲು ಬೀಳುವ ಮೊದಲು ಕಾಡು ಸೇರಬೇಕು. ತಲೆ ಎತ್ತಿ ನೋಡಿದರೆ ಬಂಡೆ ಮೇಲೆ ಅದು ರೆಕ್ಕೆ ಬಿಚ್ಚಿ ಕಾಯುತ್ತಾ ಕೂತಿದೆ. ಹದ್ದಿನ ಕಣ್ಣು ಮನುಷ್ಯರ ಕಣ್ಣಿಗಿಂತ ಹಲವು ಪಟ್ಟು ಚುರುಕು, ಆದ್ದರಿಂದ ಅವಳು ಅದಕ್ಕೆ ಕಾಣುತ್ತಿದ್ದಾಳೆ. ಬರಲು ಮಾತ್ರ ಆಗುತ್ತಿಲ್ಲ. ಬೆಂಕಿ ಉಗುಳುವ ಮೃಗಕ್ಕಿಂತ ಇದಕ್ಕೇ ನಮ್ಮ ಮಕ್ಕಳು ಜಾಸ್ತಿ ಉಸಿರು ಬಿಗಿಹಿಡಿದು ಕೂತಿದ್ದಾರೆ. ರಾತ್ರಿ ಹೊತ್ತು ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಅನ್ನುವುದನ್ನೂ ಸೇರಿಸಿ. ಮಲಗುವ ಮಗುವಿಗೆ ಅದೇ ದೊಡ್ಡ ಸಮಾಧಾನ.

ಗ್ರಿಫಿನ್ ತನ್ನ ಗರಿಗಳನ್ನು ಹೇಗೆ ನೋಡಿಕೊಳ್ಳುತ್ತದೆ ಅಂತ ತೋರಿಸಲು ಮನೆಯ ಹತ್ತಿರ ಬಿದ್ದ ಪಾರಿವಾಳದ ಒಂದು ಗರಿ ಎತ್ತಿಟ್ಟುಕೊಳ್ಳಿ. ಅದರ ಎಳೆಗಳನ್ನು ಬುಡದ ಕಡೆಗೆ ಎಳೆದರೆ ಬಿಟ್ಟುಕೊಂಡು ಚಿಂದಿ ಚಿಂದಿಯಾಗುತ್ತವೆ. ಬುಡದಿಂದ ತುದಿಯ ಕಡೆಗೆ ಎರಡು ಬೆರಳಲ್ಲಿ ಮೆಲ್ಲಗೆ ಸವರಿ, ಜಿಪ್ ಹಾಕಿದ ಹಾಗೆ ಮತ್ತೆ ಕೂಡಿಕೊಳ್ಳುತ್ತವೆ. ಎಳೆಗಳ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ, ಅವು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಹೀಗಾಗುತ್ತದೆ. ಹಕ್ಕಿಗಳು ದಿನವೂ ಕೊಕ್ಕಿನಲ್ಲಿ ಮಾಡುವ ಕೆಲಸ ಇದೇ. ಮಗುವಿನ ಕೈಯಲ್ಲೂ ಮಾಡಿಸಿ, ಆಮೇಲೆ ಸೋಪು ಹಾಕಿ ಕೈ ತೊಳೆಸಿ.

ಹೀಗೆ ಮಾಡುತ್ತಿದ್ದಾಗಲೇ ಮೊಮ್ಮಗ ಒಂದು ಕಷ್ಟದ ಪ್ರಶ್ನೆ ಹಾಕಿದ. ಹಕ್ಕಿಗಳಿಗೆ ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇರುತ್ತದೆ, ಕೊಕ್ಕಿನಿಂದ ಆ ಎಣ್ಣೆ ತೆಗೆದು ಗರಿಗೆ ಹಚ್ಚಿಕೊಳ್ಳುತ್ತವೆ ಅಂತ ಹೇಳಿದ್ದೆ. "ನಮ್ಮ ಗ್ರಿಫಿನ್‌ಗೆ ಇರೋದು ಸಿಂಹದ ಬಾಲ ಅಲ್ವಾ, ಎಣ್ಣೆ ಎಲ್ಲಿಂದ ಬರುತ್ತೆ?" ಅಂದ. ಒಂದು ದಿನ ಟೈಮ್ ಕೇಳಿದೆ. ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ, ಬಾಯಿಗೆ ಬಂದದ್ದು ಹೇಳುವುದಕ್ಕಿಂತ ಅದೇ ಒಳ್ಳೆಯದು. ಪಾರಿವಾಳದಂಥ ಹಕ್ಕಿಗಳಲ್ಲಿ ಕೆಲವು ಗರಿಗಳು ಸಣ್ಣ ಪುಡಿಯಾಗಿ ಉದುರುತ್ತಿರುತ್ತವೆ, ಆ ಪುಡಿಯೂ ಗರಿಯನ್ನು ಕಾಪಾಡುತ್ತದೆ. ಪಾರಿವಾಳ ಕಿಟಕಿ ಗಾಜಿಗೆ ಬಡಿದರೆ ಬಿಳಿ ಅಚ್ಚು ಉಳಿಯುವುದು ಈ ಪುಡಿಯಿಂದಲೇ. ಸರಿ, ನಮ್ಮ ಗ್ರಿಫಿನ್‌ಗೂ ಪುಡಿಯನ್ನೇ ಕೊಟ್ಟೆವು. ಈಗ ಅದು ಕೂತು ಹೋದ ಬಂಡೆಯ ಮೇಲೆಲ್ಲ ಬಿಳಿ ಧೂಳು. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ, ಊದಿದರೆ ಹಾರುತ್ತದೆ. ಅದರ ಜಾಡು ಹಿಡಿಯುವವರಿಗೆ ಅದೇ ಗುರುತು.

ಹೆಜ್ಜೆ ಗುರುತನ್ನೂ ಒಮ್ಮೆ ಕಾಗದದ ಮೇಲೆ ಬಿಡಿಸಿ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತವೆ. ಹಾಗಾಗಿ ಹಿಂದಿನ ಪಾದದ್ದು ಮೆತ್ತಗಿನ ದುಂಡು ಗುರುತು, ಉಗುರೇ ಕಾಣುವುದಿಲ್ಲ. ಹದ್ದಿಗೆ ಹಾಗೆ ಎಳೆದುಕೊಳ್ಳಲು ಬರುವುದಿಲ್ಲ. ಮುಂದಿನ ಪಾದದಲ್ಲಿ ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು, ನಾಲ್ಕರ ತುದಿಯಲ್ಲೂ ಉಗುರಿನ ಗೀರು. ದೊಡ್ಡ ಮಕ್ಕಳಾದರೆ ಒಟ್ಟು ಕಾಲು, ರೆಕ್ಕೆ ಎಣಿಸುತ್ತಾರೆ. ಆರು ಆಗುತ್ತದೆ. ಬೆನ್ನುಮೂಳೆ ಇರುವ ಯಾವ ಪ್ರಾಣಿಗೂ ಕೈಕಾಲು ರೆಕ್ಕೆ ಸೇರಿ ನಾಲ್ಕಕ್ಕಿಂತ ಜಾಸ್ತಿ ಇಲ್ಲ. ಹೌದು, ಇದು ಆ ಲೋಕದ ವಿಶೇಷ ಅಂತ ನೇರವಾಗಿ ಒಪ್ಪಿಕೊಳ್ಳಿ. ಒಂದು ಸುಳ್ಳು ಒಪ್ಪಿಕೊಂಡರೆ ಉಳಿದದ್ದನ್ನೆಲ್ಲ ಅವರು ನಂಬುತ್ತಾರೆ.

ಮೊಟ್ಟೆಯೋ ಮರಿಯೋ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆಗ ಆಸ್ಟ್ರೇಲಿಯಾದ ಪ್ಲಾಟಿಪಸ್ ಎಂಬ ನಿಜವಾದ ಪ್ರಾಣಿಯ ಕಥೆ ಹೇಳಿ. ಬಾತುಕೋಳಿಯಂಥ ಮೂತಿ, ಮೈತುಂಬ ತುಪ್ಪಳ, ಚಪ್ಪಟೆ ಬಾಲ. ಮೊಟ್ಟೆ ಇಡುತ್ತದೆ, ಮರಿಗೆ ಹಾಲೂ ಕೊಡುತ್ತದೆ. ಗಂಡಿನ ಹಿಂಗಾಲಿನಲ್ಲಿ ವಿಷದ ಮುಳ್ಳು ಬೇರೆ. 1799ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ಇದನ್ನು ಮೊದಲ ಬಾರಿಗೆ ವರ್ಣಿಸಿ ಬರೆಯುವಾಗ, ಯಾರಾದರೂ ಎರಡು ಪ್ರಾಣಿ ಸೇರಿಸಿ ಮೋಸ ಮಾಡಿದ್ದಾರೇನೋ ಅಂತ ಅನುಮಾನಪಟ್ಟಿದ್ದ. ಮೊಟ್ಟೆ ಇಡುವುದು ಖಚಿತವಾಗಲು 1884 ಆಯಿತು. ನಮ್ಮ ಗ್ರಿಫಿನ್ ಕೂಡ ಹಾಗೇ, ಎರಡು ಮೊಟ್ಟೆ, ಒಡೆದ ಮೇಲೆ ಹಾಲು.

ಕೂಗಿನ ಬಗ್ಗೆ ಒಂದು ಮಾತು. ಮಲಗುವ ಹೊತ್ತಿನಲ್ಲಿ ಗರ್ಜನೆ ಮಾಡಿ ತೋರಿಸಬೇಡಿ, ಮಗು ಬೆಚ್ಚುತ್ತದೆ, ನಿದ್ದೆ ಹಾರಿಹೋಗುತ್ತದೆ. ಎಷ್ಟೋ ಹದ್ದುಗಳ ದನಿ ಮೈಗೆ ತಕ್ಕ ಹಾಗೆ ಇರುವುದೇ ಇಲ್ಲ, ತೆಳ್ಳಗಿನ ಸಿಳ್ಳೆಯಂತೆ ಇರುತ್ತದೆ. ದೂರದಿಂದ ಬರುವ ಸಣ್ಣ ಸಿಳ್ಳೆ ಸಾಕು.

ಕಥೆ ಮುಗಿದ ಮೇಲೂ ಮಗು ಹೆದರಿಕೊಂಡೇ ಇದ್ದರೆ "ಅಂಥದ್ದೆಲ್ಲ ಇಲ್ಲ, ಮಲಗು" ಅನ್ನಬೇಡಿ. ಅಷ್ಟು ಹೊತ್ತು ಇದೆ ಅಂದವರು ನಾವೇ ಅಲ್ವಾ. ಗ್ರಿಫಿನ್ ಯಾವುದಕ್ಕೆ ಹೆದರುತ್ತದೆ ಅಂತ ಹೇಳಿ. ನಾನು ಹೇಳುವುದು ಕಾಗೆಗೆ. ಕಾಗೆಗಳು ಗುಂಪು ಕಟ್ಟಿಕೊಂಡು ತಮಗಿಂತ ಎಷ್ಟೋ ದೊಡ್ಡ ಹದ್ದನ್ನು ಅಟ್ಟಿಸಿಕೊಂಡು ಹೋಗುತ್ತವೆ, ಹಿಂದಿನಿಂದ ಕುಕ್ಕುತ್ತವೆ, ಹದ್ದು ಪಾಪ ಜಾಗ ಬಿಟ್ಟು ಹೋಗುತ್ತದೆ. ಬೆಳಿಗ್ಗೆ ಕಾಗೆ ಕೂಗಿದಾಗ ನಮ್ಮ ಚಿಕ್ಕವನು ಕಿಟಕಿ ಹತ್ತಿರ ಓಡಿ ಹೋಗಿ "ಕಾವಲು ಬಂತು" ಅನ್ನುತ್ತಾನೆ.

ಗಟ್ಟಿ ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದು ದಿಂಬಿನ ಪಕ್ಕ ಇಟ್ಟುಕೊಳ್ಳಿ. ಮೊನ್ನೆ ಎರಡು ಮೊಟ್ಟೆ ಅಂದವರು ಇವತ್ತು ಮೂರು ಅಂದರೆ ಮಕ್ಕಳು ತಕ್ಷಣ ಹಿಡಿಯುತ್ತಾರೆ. ನಮ್ಮದರಲ್ಲಿ ಈಗ ನಲವತ್ತು ಪುಟ ತುಂಬಿದೆ. ಗರಿ ಉದುರುವ ಕಾಲ ಇನ್ನೂ ತೀರ್ಮಾನ ಆಗಿಲ್ಲ. ದೊಡ್ಡ ಹದ್ದುಗಳ ಹಾಗೆ ಒಂದೊಂದಾಗಿ ಉದುರಿ ಹಾರಾಟಕ್ಕೆ ತೊಂದರೆ ಇಲ್ಲದಿರಲಿ ಅಂತ ಮೊಮ್ಮಗ. ಬಾತುಕೋಳಿಯ ಹಾಗೆ ರೆಕ್ಕೆಯ ಗರಿಯೆಲ್ಲ ಒಟ್ಟಿಗೆ ಉದುರಿ ಕೆಲವು ವಾರ ಹಾರಲಾಗದೆ ಗುಹೆಯಲ್ಲೇ ಅಡಗಿರಲಿ, ಆಗ ಯಾರಾದರೂ ಅದಕ್ಕೆ ಊಟ ತಂದುಕೊಡಬಹುದು ಅಂತ ಮೊಮ್ಮಗಳು.